ತಳವಾರನ ಬಳಿ ಇದ್ದ ಕೀಲಿಕೈ

ಸತ್ಯನಾರಾಯಣಪೇಟೆ, ಬಳ್ಳಾರಿ
9 ಜೂನ್ 2025

ಮಾರೇಶನಿಗೆ ಶ್ರೀವಲ್ಲಿ ಮೇಡಂ ಆಶೀರ್ವಾದ.

ಕ್ಷೇಮ ಸಮಾಚಾರ ಕೊನೆಗೆ ಕೇಳುತ್ತೇನೆ. ಮೊದಲು ಕೆಟ್ಟ ಸುದ್ದಿ. ವೆಬ್‌ಸೈಟುಗಳ ಬಾಗಿಲು ಕಾಯುವ ನಮ್ಮ ತಳವಾರ ಪ್ಲಗಿನ್ನಿನೊಳಗೆ ಯಾರೋ ಕಳ್ಳಬಾಗಿಲು ಇಟ್ಟಿದ್ದಾರೆ.

ನಿನ್ನೆ ಪೋಲೆಂಡ್ ದೇಶದ ಒಬ್ಬ ಹುಡುಗಿಯ ಮೇಲ್ ಬಂತು, ನಮ್ಮ ಮನೆಯವರು ಓದಿ ಹೇಳಿದರು. ವೆಬ್‌ಸೈಟುಗಳಲ್ಲಿ ಇಂಥ ತೂತು ಹುಡುಕುವುದೇ ಅವಳ ಉದ್ಯೋಗವಂತೆ. ಐದು ಸಲ ತಪ್ಪು ಪಾಸ್‌ವರ್ಡ್ ಹಾಕಿದವರನ್ನು ನಮ್ಮ ಪ್ಲಗಿನ್ ಒಂದು ದಿನ ಹೊರಗೆ ನಿಲ್ಲಿಸುತ್ತದಲ್ಲ? ಅದಕ್ಕೊಂದು ಗುಟ್ಟಿನ ಪದ ಹೇಳಿದರೆ ಸಾಕಂತೆ, ಯಾರದೇ ವೆಬ್‌ಸೈಟ್ ಇರಲಿ, ಸುಮ್ಮನೆ ಬಾಗಿಲು ತೆರೆದು ಒಳಗೆ ಬಿಡುತ್ತದಂತೆ. ಸುಳ್ಳಿರಬೇಕು ಅಂದುಕೊಂಡೆ. ತನ್ನದೇ ಸೈಟಿನಲ್ಲಿ ತೆರೆದು ತೋರಿಸಿದ್ದಾಳೆ. ಜುಲೈ ಎಂಟರೊಳಗೆ ನಾವು ಅದನ್ನು ಮುಚ್ಚಿ ಜನರಿಗೆ ತಿಳಿಸದಿದ್ದರೆ ತಾನೇ ಊರಿಗೆಲ್ಲ ಸಾರುತ್ತಾಳಂತೆ. ಅವಳದು ತಪ್ಪಲ್ಲ, ಅವರ ಪದ್ಧತಿಯೇ ಹಾಗೆ.

ತಳವಾರನನ್ನು ನಂಬಿರುವುದು ಹನ್ನೆರಡು ಸಾವಿರ ಸೈಟುಗಳು ಮಾರೇಶ, ಹುಡುಗಾಟವಲ್ಲ. ಏಳು ವರ್ಷದ ಹಿಂದೆ ನಾವು "ನಮ್ಮ ಬಗ್ಗೆ" ಪುಟದಲ್ಲಿ ಬರೆದದ್ದು ನೆನಪಿದೆಯೇ? "ಬಳ್ಳಾರಿಯ ಒಬ್ಬ ಕಂಪ್ಯೂಟರ್ ಟೀಚರ್, ಸಿರುಗುಪ್ಪದ ಅವರ ಶಿಷ್ಯ. ತಂಡದಲ್ಲಿ ಇರುವುದು ಇಬ್ಬರೇ. ಎರಡು ಜೋಡಿ ಕಣ್ಣು ನೋಡದೆ ಒಂದು ಸಾಲೂ ಹೊರಗೆ ಹೋಗುವುದಿಲ್ಲ." ಆ ಮಾತು ನಂಬಿಯೇ ಜನ ನಮ್ಮನ್ನು ತಮ್ಮ ಬಾಗಿಲಲ್ಲಿ ಕೂರಿಸಿಕೊಂಡರು. ಊರು ಕಾಯುತ್ತಿದ್ದ ನಿನ್ನ ಅಜ್ಜನ ಹುದ್ದೆಯ ಹೆಸರನ್ನೇ ಪ್ಲಗಿನ್‌ಗೆ ಇಟ್ಟೆವು. ಆ ಹೆಸರಿಗೆ ಮಸಿ ಬೀಳಬಾರದು.

ನಾನು ನೋಡದೆ ಒಂದು ಅಕ್ಷರವೂ ಹೊರಗೆ ಹೋಗಿಲ್ಲ. ಹಾಗಾದರೆ ಇದು ಹೇಗೆ ಹೊಕ್ಕಿತು? ನೀನು ಹುಡುಕು. ಫೋನ್ ಮಾಡಬೇಡ. ಮೊದಲ ವರ್ಷ ಫೋನಿನಲ್ಲಿ ತೀರ್ಮಾನ ಮಾಡಿ, ಯಾರು ಏನು ಹೇಳಿದೆವೆಂದು ಮರೆತು ಆಡಿದ ಜಗಳ ಸಾಕು. ಪ್ಲಗಿನ್ ವಿಷಯವೆಲ್ಲ ಮೇಲ್‌ನಲ್ಲಿ, ಬರಹದಲ್ಲೇ ಇರಲಿ ಎಂಬ ನಿಯಮ ಈಗ ಹೆಚ್ಚು ಮುಖ್ಯ.

ಜಡೆಮ್ಮಜ್ಜಿ ಹೇಗಿದ್ದಾರೆ?

ಶ್ರೀವಲ್ಲಿ


ಸಿರುಗುಪ್ಪ
11 ಜೂನ್ 2025

ಮೇಡಂ ಅವರಿಗೆ ಮಾರೇಶನ ನಮಸ್ಕಾರಗಳು.

ನಿಮ್ಮ ಪತ್ರ ಓದಿದೆ. ನೀವು ಹೀಗೆ ಬರೆಯುತ್ತೀರಿ ಎಂದು ತಿಳಿದಿರಲಿಲ್ಲ.

ಇಲ್ಲಿ ನಮ್ಮ ಆನ್‌ಲೈನ್ ಸೆಂಟರಿನಲ್ಲಿ ಕಾಲೇಜು ಅರ್ಜಿಗಳ ನೂಕುನುಗ್ಗಲು, ತಲೆ ಎತ್ತಲು ಆಗುತ್ತಿಲ್ಲ. ಬಿಡುವಾದಾಗ ನೋಡುತ್ತೇನೆ. ನೀವು ಜನವರಿ ತಿಂಗಳನ್ನು ಒಮ್ಮೆ ನೆನಪು ಮಾಡಿಕೊಂಡರೆ ಒಳ್ಳೆಯದು.

ಅಜ್ಜಿ ಆರಾಮ ಇದ್ದಾಳೆ.

ಮಾರೇಶ


ಬಳ್ಳಾರಿ
19 ಜೂನ್ 2025

ಮಾರೇಶನಿಗೆ,

ಎಂಟು ದಿನ ಕಾದೆ. ಇಂಥ ಹೊತ್ತಿನಲ್ಲಿ ನಾಲ್ಕು ಸಾಲು ಬರೆದು ಸುಮ್ಮನಾಗುವುದು ಯಾವ ಸೀಮೆಯ ಶಿಷ್ಯನ ಲಕ್ಷಣ? ಹದಿಮೂರು ವರ್ಷದ ಹಿಂದೆ ಲ್ಯಾಬಿನಲ್ಲಿ ಕರೆಂಟು ಹೋದಾಗಲೆಲ್ಲ ನಿನ್ನನ್ನು ಎಬ್ಬಿಸಿ ನಿಲ್ಲಿಸಿ, ನೋಟ್‌ಬುಕ್ಕಿನಲ್ಲಿದ್ದ ಪ್ರೋಗ್ರಾಮನ್ನು ಗಟ್ಟಿಯಾಗಿ ಓದಿಸುತ್ತಿದ್ದೆ. ನಿನ್ನ ಇಂಗ್ಲಿಷ್ ಕೇಳಿ ಹುಡುಗಿಯರೆಲ್ಲ ನಗುತ್ತಿದ್ದರೂ ನೀನು ಒಂದು ಚುಕ್ಕಿ ಬಿಡದೆ ಓದುತ್ತಿದ್ದೆ. ಆ ಹುಡುಗ ಎಲ್ಲಿ ಹೋದ?

ಆದರೂ ನೀನು ಕೊಟ್ಟ ಸುಳಿವು ಸರಿಯಾಗಿದೆ. ಜನವರಿ! ಸಂಕ್ರಾಂತಿ ವಾರದಲ್ಲಿ ನನ್ನ ಕಂಪ್ಯೂಟರ್ ಕೆಟ್ಟು, ಕೌಲ್ ಬಜಾರಿನ ಹುಲುಗಪ್ಪನ ರಿಪೇರಿ ಅಂಗಡಿಯಲ್ಲಿ ನಾಲ್ಕು ದಿನ ಇತ್ತು. ಅವನೇ ಏನೋ ಸೇರಿಸಿರಬೇಕು, ಇಲ್ಲವೇ ಯಾರಿಗೋ ಕೊಟ್ಟಿರಬೇಕು. ನಮ್ಮ ಮನೆಯವರು ಬೈಯುತ್ತಾರೆ: "ಪಾಪ, ಅಂವಗ ಸ್ಕ್ರೂ ಬಿಚ್ಚೋದು ಬಿಟ್ಟರ ಬ್ಯಾರೆ ಏನೂ ಗೊತ್ತಿಲ್ಲ. ಸುಮ್ಮ ಸುಮ್ಮನ ಒಬ್ಬರ ಮ್ಯಾಲೆ ಹಾಕಬ್ಯಾಡ." ನಾನು ಕೇಳುವವಳಲ್ಲ. ಸೋಮವಾರ ಹೋಗಿ ನಾಲ್ಕು ಜನರ ಮುಂದೆಯೇ ವಿಚಾರಿಸುತ್ತೇನೆ. ಆಮೇಲೆ ಪೊಲೀಸರಿಗೆ ದೂರು.

ನಮ್ಮ ಅಮ್ಮ ವೆಂಕೂಬಾಯಿ ಅಕ್ಷರ ಕಲಿತವರಲ್ಲ. ಆದರೆ ಮನೆಯಲ್ಲಿ ಪಾರಾಯಣ ನಡೆದಾಗ, ಹತ್ತಿ ಬತ್ತಿ ಹೊಸೆಯುತ್ತ ಮೂಲೆಯಲ್ಲಿ ಕೂತು, ಓದುವವರು ಒಂದು ಅಕ್ಷರ ನುಂಗಿದರೂ "ಹಿಂದಕ್ಕ ಹೋಗು" ಅನ್ನುತ್ತಿದ್ದರು. ದೊಡ್ಡ ಆಚಾರ್ಯರೂ ಹಿಂದಕ್ಕೆ ಹೋಗುತ್ತಿದ್ದರು. ನಾನು ಅವರ ಮಗಳು. ನನ್ನ ಕಣ್ಣು ತಪ್ಪಿಸಿ ಒಂದು ಸಾಲು ಹೋಯಿತೆಂದರೆ ಅದು ಕಳ್ಳನ ಕೈಚಳಕವೇ ಹೊರತು ಬೇರೆ ಅಲ್ಲ.

ಬೇಗ ಬರೆ.

ಶ್ರೀವಲ್ಲಿ


ಸಿರುಗುಪ್ಪ
20 ಜೂನ್ 2025

ಮೇಡಂ ಅವರಿಗೆ,

ಹುಲುಗಪ್ಪನ ಅಂಗಡಿಗೆ ಹೋಗಬೇಡಿ. ಕೈ ಮುಗಿಯುತ್ತೇನೆ. ಆ ಬಾಗಿಲು ಇಟ್ಟವನು ನಾನು. ಅದು ನಿಮಗೂ ಗೊತ್ತು.

ನೀವು ಏಕೆ ಏನೂ ಗೊತ್ತಿಲ್ಲದವರಂತೆ ಬರೆಯುತ್ತಿದ್ದೀರಿ ಎಂದು ಒಂಬತ್ತು ದಿನ ಯೋಚಿಸಿದೆ. ನಮ್ಮದು ಬರಹದ ನಿಯಮ. ನಾಳೆ ಯಾರಾದರೂ ಕೇಳಿದರೆ ತೋರಿಸಲಿಕ್ಕೆ, ತಪ್ಪು ಮಾರೇಶನದು, ಮೇಡಂಗೆ ತಿಳಿದೇ ಇರಲಿಲ್ಲ ಎಂದು ಕಾಗದ ತಯಾರು ಮಾಡುತ್ತಿದ್ದೀರಿ ಅನ್ನಿಸಿತು. "ಊರಾಗ ಏನು ಕಳುವಾದ್ರೂ ಮೊದಲು ತಳವಾರರ ಮನಿ ಹುಡುಕತಾರ" ಎಂದು ನಮ್ಮಪ್ಪ ಹೇಳುತ್ತಿದ್ದ. ಆ ಮಾತು ನಿಮ್ಮ ವಿಷಯದಲ್ಲಿ ನೆನಪಾಗುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಅದಕ್ಕೇ ನಾಲ್ಕು ಸಾಲು ಬರೆದೆ. ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು.

ಆಗಿದ್ದು ಇಷ್ಟು. ಕುರುಗೋಡಿನ ವಿರೂಪಮ್ಮ ನಿಮಗೆ ಗೊತ್ತು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಮಾರುವ ಹೆಂಗಸರ ಸಂಘ ಅವಳದು, ನಾನೇ ವೆಬ್‌ಸೈಟ್ ಮಾಡಿಕೊಟ್ಟದ್ದು. ಸಂಕ್ರಾಂತಿ ವಾರ ಆರ್ಡರಿನ ಮೇಲೆ ಆರ್ಡರ್. ಹಿಟ್ಟಿನ ಕೈಯಲ್ಲಿ ಪಾಸ್‌ವರ್ಡ್ ಒತ್ತಿ ಐದು ಸಲ ತಪ್ಪಿದಳು, ನಮ್ಮ ತಳವಾರ ಅವಳನ್ನು ಹೊರಗೆ ನಿಲ್ಲಿಸಿದ. ಫೋನ್ ಮಾಡಿ, "ಯಪ್ಪಾ ಮಾರೇಶಾ, ನನ್ನ ಮನಿಯೊಳಗ ನನ್ನ ಬಿಡವಲ್ಲ ನಿನ್ನ ತಳವಾರ! ರೊಟ್ಟಿ ಬಡಿದು ಗುಡ್ಡೆ ಹಾಕೀವಿ, ಯಾರಿಗೆ ಕಳಸಬೇಕಂತ ಕಾಣವಲ್ದು" ಎಂದು ಅತ್ತಳು. ಎರಡು ಬಸ್ಸು ಬದಲಿಸಿ ಕುರುಗೋಡಿಗೆ ಹೋಗಿ ತೆಗೆದುಕೊಟ್ಟೆ. ಒಂದೇ ವಾರದಲ್ಲಿ ಮೂರು ಸಲ.

ನಮ್ಮ ಓಣಿಯಲ್ಲಿ ಯಾರೇ ಊರಿಗೆ ಹೋದರೂ ಕೀಲಿಕೈ ಪಕ್ಕದ ಮನೆಯಲ್ಲಿ ಕೊಟ್ಟು ಹೋಗುತ್ತಾರೆ. ನಾನೂ ಅದನ್ನೇ ಮಾಡಿದೆ. ಯಾರು ಹೊರಗೆ ಸಿಕ್ಕಿಕೊಂಡರೂ ನಾನು ಇಲ್ಲಿಂದಲೇ ತೆರೆದುಕೊಡಲು ಒಂದು ಪದ ಇಟ್ಟೆ. ಕದ್ದು ಇಡಲಿಲ್ಲ ಮೇಡಂ. ಜನವರಿ 17ರಂದು ನಿಮಗೆ ಮೇಲ್ ಕಳಿಸಿದೆ. ಯಾವ ಸಾಲು, ಏಕೆ, ಎಲ್ಲ ಬರೆದು, "ಇದು ಸರಿಯೋ ತಪ್ಪೋ ತಿಳಿಯುತ್ತಿಲ್ಲ, ನೀವು ಬೇಡ ಅಂದರೆ ತೆಗೆಯುತ್ತೇನೆ" ಎಂದೂ ಕೇಳಿದೆ. ಅದೇ ದಿನ ನಿಮ್ಮ ಉತ್ತರ ಬಂತು: "ನೋಡಿದೆ. ಸರಿಯಿದೆ. ಬಿಡುಗಡೆ ಮಾಡು."

ಆ ಮೇಲ್ ನನ್ನ ಬಳಿ ಇದೆ. ಯಾರಿಗೂ ತೋರಿಸುವುದಿಲ್ಲ. ತಪ್ಪು ನನ್ನೊಬ್ಬನದೇ ಎಂದು ಜಗತ್ತಿಗೆ ಹೇಳಿ, ಒಪ್ಪುತ್ತೇನೆ. ಆದರೆ ನನ್ನ ಹತ್ತಿರ ನಾಟಕ ಬೇಡ.

ಮಾರೇಶ


ಬಳ್ಳಾರಿ
29 ಜೂನ್ 2025

ಮಾರೇಶ,

ನಿನ್ನ ಪತ್ರವನ್ನು ಮನೆಯವರು ಎರಡು ಸಲ ಓದಿ ಹೇಳಿದರು. ಎರಡನೆಯ ಸಲ ಮುಗಿಸಿ, "ಇಷ್ಟು ದಿನ ಆ ಹುಡುಗಗ ಹೇಳಲೇ ಇಲ್ಲೇನು ನೀನು?" ಎಂದು ಕೇಳಿ ಎದ್ದು ಹೋದರು. ಅಂದಿನಿಂದ ಉತ್ತರ ಬರೆಯಲು ಕೂರುವುದು, ಏಳುವುದು, ಇದೇ ಆಗಿದೆ.

ನಾನು ನಿನ್ನ ಮೇಲ್ ನೋಡಲಿಲ್ಲ. ನೋಡಲು ನನಗೆ ಕಣ್ಣಿಲ್ಲ.

ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಯನ್ನು ತಿಂದಿದೆ ಎಂದು ಡಾಕ್ಟರು ಕಳೆದ ನವೆಂಬರಿನಲ್ಲಿ ಹೇಳಿದರು. ಅಂಚುಗಳು ಕಾಣುತ್ತವೆ, ಬಾಗಿಲು, ಕಿಟಕಿ, ಯಾರೋ ಬಂದರೆಂಬುದು. ನೇರ ನೋಡಿದರೆ ನಡುವೆ ಬರೀ ಕಪ್ಪು. ಅಕ್ಷರವಿರುವುದು ಆ ಕಪ್ಪಿನಲ್ಲೇ. ಟೈಪ್ ಮಾಡುವುದಕ್ಕೆ ತೊಂದರೆಯಿಲ್ಲ, ಹದಿನೆಂಟು ವರ್ಷದವಳಿದ್ದಾಗಲೇ ಬ್ರೂಸ್‌ಪೇಟೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕೈ ನೋಡದೆ ಹೊಡೆಯುವುದನ್ನು ಕಲಿತವಳು. ಹಾಗಾಗಿ ನಿನಗೆ ಅನುಮಾನ ಬರಲಿಲ್ಲ. ಓದಿ ಹೇಳುವ ಯಂತ್ರವನ್ನೂ ಫೋನಿಗೆ ಹಾಕಿಸಿ ನೋಡಿದೆ. ಕಥೆ ಓದುತ್ತದೆ, ಸುದ್ದಿ ಓದುತ್ತದೆ. ಪ್ರೋಗ್ರಾಂ ಕೊಟ್ಟರೆ ಅರ್ಧ ಚಿಹ್ನೆಗಳನ್ನು ನುಂಗಿ ನೀರು ಕುಡಿಯುತ್ತದೆ.

ಜನವರಿ 17ರಂದು ಮನೆಯವರು "ಮಾರೇಶ ಏನೋ ಕಳಿಸ್ಯಾನ, ಓದಲೇನು?" ಅಂದರು. ಅವರಿಗೆ ಇದರ ಗಂಧಗಾಳಿ ಇಲ್ಲ, ಓದಿದರೆ ನಾನು ಕುರುಡಿ ಎಂಬುದು ಇನ್ನಷ್ಟು ಗಟ್ಟಿಯಾಗುತ್ತದೆ ಎಂದು ಬೇಡ ಅಂದೆ. "ನೋಡಿದೆ" ಎಂದು ಟೈಪ್ ಮಾಡಿದೆ. ನವೆಂಬರಿನಿಂದ ಐದು ಬಿಡುಗಡೆ. ಐದಕ್ಕೂ ಅದೇ ಮಾತು. ನಿನ್ನ ಕೆಲಸ ಅಷ್ಟು ಚೊಕ್ಕ ಎಂಬ ನಂಬಿಕೆ ಒಂದು ಕಡೆ. ಇನ್ನೊಂದು ಕಡೆ ಬರೀ ಅಹಂಕಾರ. ಮೇಡಂಗೆ ಕಣ್ಣು ಹೋಯಿತು ಎಂದು ತಿಳಿದರೆ ನೀನು ಮರ್ಯಾದೆಗಾಗಿ ನನ್ನ ಹೆಸರು ಉಳಿಸಿಕೊಂಡು, ಕೆಲಸ ಒಬ್ಬನೇ ಮಾಡುತ್ತೀಯ ಎಂಬ ಹೆದರಿಕೆ. ಆ ಕೆಲಸವೊಂದು ಬಿಟ್ಟರೆ ನನಗೆ ದಿನದಲ್ಲಿ ಏನಿದೆ ಹೇಳು?

ನಾಟಕವೆಂದೆಯಲ್ಲ, ಹೌದು, ಆಡಿದೆ. ಆದರೆ ನಿನ್ನ ಮೇಲೆ ತಪ್ಪು ಹೊರಿಸುವ ನಾಟಕವಲ್ಲ ಮಗು. ನೀನು ಬಾಯಿಬಿಟ್ಟು "ಸರಿಯೋ ತಪ್ಪೋ" ಎಂದು ಕೇಳಿದ್ದೆ. ನಾನು ಓದಿದ್ದರೆ "ಬೇಡ" ಎಂದು ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಆ ಬೇಲಿ ನಾನು.

ಹುಲುಗಪ್ಪನ ಅಂಗಡಿಗೆ ಹೋಗಿದ್ದೆ, ದೂರಲು ಅಲ್ಲ. ಮನಸ್ಸಿನಲ್ಲಿ ಕಳ್ಳನೆಂದಿದ್ದಕ್ಕೆ ಕ್ಷಮೆ ಕೇಳಿದೆ. ಅವನಿಗೆ ಏನೂ ಅರ್ಥವಾಗಲಿಲ್ಲ, ಚಹಾ ತರಿಸಿದ.

ಶ್ರೀವಲ್ಲಿ


ಸಿರುಗುಪ್ಪ
30 ಜೂನ್ 2025

ಮೇಡಂ,

ಅಂಗಡಿಯಲ್ಲಿ ಜನರಿದ್ದರು. ಪತ್ರ ಓದಿ ಶಟರ್ ಅರ್ಧ ಎಳೆದು ಒಳಗೆ ಕೂತೆ. ನಾನು ಬರೆದದ್ದನ್ನೆಲ್ಲ ವಾಪಸ್ ತೆಗೆದುಕೊಳ್ಳಲು ಬರುವ ಹಾಗಿದ್ದರೆ ತೆಗೆದುಕೊಳ್ಳುತ್ತಿದ್ದೆ. ನಿಮ್ಮ ಬಗ್ಗೆ ಅಷ್ಟು ಸಣ್ಣದಾಗಿ ಯೋಚಿಸಿದ್ದಕ್ಕೆ ನನಗೇ ನಾಚಿಕೆಯಾಗುತ್ತಿದೆ. ಏಳು ತಿಂಗಳು ನೀವು ಆ ಕಪ್ಪನ್ನು ಒಬ್ಬರೇ ನೋಡುತ್ತ ಕೂತಿರಲ್ಲ ಮೇಡಂ.

ಅಜ್ಜಿಗೆ ಎಲ್ಲ ಹೇಳಿದೆ. ಪ್ಲಗಿನ್ ಅಂದರೆ ಅವಳಿಗೆ ತಿಳಿಯುವುದಿಲ್ಲ, ಕೀಲಿಕೈ ತಿಳಿಯುತ್ತದೆ. ಎಲೆ ಅಡಿಕೆ ಹಾಕಿಕೊಳ್ಳುತ್ತ ಹೇಳಿದಳು: "ನಿಮ್ಮಜ್ಜ ಸುಂಕಪ್ಪ ಇಡೀ ಊರು ಕಾದ. ಒಬ್ಬರ ಮನಿ ಕೀಲಿಕೈನೂ ಇಸ್ಕೊಳ್ಳಲಿಲ್ಲ. ಗೌಡ್ರು ಕೊಡಾಕ ಬಂದ್ರೂ ಒಲ್ಲೆ ಅಂದ. ಪಕ್ಕದ ಮನಿಯಾಕಿ ಇಟ್ಕೊಂಡ್ರ ನಡೀತೈತಿ, ಆಕಿ ಒಂದು ಮನಿದು ಇಟ್ಕೊಂಡಿರ್ತಾಳ. ತಳವಾರ ಇಟ್ಕೊಂಡ್ರ ಇಡೀ ಊರಿಂದು ಒಬ್ಬನ ಉಡಿಯಾಗ ಇರ್ತೈತಿ. ಆ ಉಡಿ ಹರಿದ್ರ?"

ಹದಿಮೂರು ವರ್ಷ ಕಂಪ್ಯೂಟರ್ ಹಿಡಿದವನಿಗೆ ಗೊತ್ತಿಲ್ಲದ್ದು ಅವಳಿಗೆ ಗೊತ್ತಿದೆ. ಬಾಗಿಲನ್ನು ಮುಚ್ಚಿದೆ. ನೀವು ನೋಡಲಾರಿರಿ ಎಂದು ಪೋಲೆಂಡಿನ ಹುಡುಗಿಗೇ ಕಳಿಸಿ, ದಯವಿಟ್ಟು ಎರಡನೆಯ ಜೋಡಿ ಕಣ್ಣು ನೀವಾಗಿ ಎಂದು ಕೇಳಿದೆ. ಸರಿಯಾಗಿದೆ ಎಂದಳು. ಯಾರೂ ಆ ಬಾಗಿಲಿನಿಂದ ನುಗ್ಗಿದ ಗುರುತು ಎಲ್ಲೂ ಸಿಕ್ಕಿಲ್ಲ. ನಮ್ಮ ಪುಣ್ಯ, ಬುದ್ಧಿಯಲ್ಲ.

ಇನ್ನು ಜನರಿಗೆ ತಿಳಿಸುವುದು ಉಳಿದಿದೆ. ಸುಮ್ಮನೆ "ಸಣ್ಣಪುಟ್ಟ ಸುಧಾರಣೆ" ಎಂದು ಬರೆದು ಬಿಡುಗಡೆ ಮಾಡಿದರೆ ಎಂಟನೇ ತಾರೀಖಿನವರೆಗೆ ಯಾರಿಗೂ ತಿಳಿಯುವುದಿಲ್ಲ. ನಿಜ ಬರೆದರೆ ಪ್ಲಗಿನ್‌ಗಳನ್ನು ಹಂಚುವ ಆನ್‌ಲೈನ್ ಅಂಗಡಿಯವರು ಅದೇ ದಿನ ತಳವಾರನನ್ನು ಕಪಾಟಿನಿಂದ ಕೆಳಗಿಳಿಸುತ್ತಾರೆ. ನಾನು ನಿಜವನ್ನೇ ಬರೆದಿದ್ದೇನೆ: "ತಂಡದ ಮಾರೇಶ ಎಂಬವರು ತಪ್ಪು ತಿಳುವಳಿಕೆಯಿಂದ ಈ ಬಾಗಿಲು ಇಟ್ಟಿದ್ದರು." ನಿಮ್ಮ ಹೆಸರು ಎಲ್ಲೂ ಇಲ್ಲ. ಹೀಗೇ ಇರಲಿ. ಇದೊಂದು ನನಗೆ ಬಿಡಿ.

ಮಾರೇಶ


ಬಳ್ಳಾರಿ
2 ಜುಲೈ 2025

ಮಾರೇಶನಿಗೆ,

ಬಿಡುವುದಿಲ್ಲ. ನಿನ್ನ ಬರಹವನ್ನು ತಿದ್ದುವುದು ನನ್ನ ಹಕ್ಕು, ಅದನ್ನು ಕಣ್ಣಿನ ಡಾಕ್ಟರು ಕಿತ್ತುಕೊಂಡಿಲ್ಲ. ನಿನ್ನ ವಾಕ್ಯದ ಕೆಳಗೆ ಇದನ್ನು ಸೇರಿಸು:

"ಇದು ಸರಿಯೇ ಎಂದು ಮಾರೇಶ ಬರೆದು ಕೇಳಿದ್ದರು. ಪರೀಕ್ಷಿಸಬೇಕಾದ ಶ್ರೀವಲ್ಲಿ ಓದದೆಯೇ ಒಪ್ಪಿಗೆ ಕೊಟ್ಟರು. ಎರಡು ಜೋಡಿ ಕಣ್ಣು ನೋಡುತ್ತವೆ ಎಂದು ನಾವು ನಿಮಗೆ ಕೊಟ್ಟ ಮಾತು ನವೆಂಬರಿನಿಂದ ಸುಳ್ಳಾಗಿತ್ತು."

ಕಾಯಿಲೆಯ ಕಥೆ ಬೇಡ. ಹೇಳಿದರೆ ಜನ ಅಯ್ಯೋ ಪಾಪ ಅಂದು ಬಿಟ್ಟುಬಿಡುತ್ತಾರೆ. ನನಗೆ ಕ್ಷಮೆ ಬೇಕಿಲ್ಲ, ಅವರಿಗೆ ನಿಜ ಗೊತ್ತಾಗಬೇಕು. "ನಮ್ಮ ಬಗ್ಗೆ" ಪುಟದಿಂದ ಆ ಸಾಲನ್ನು ಇವತ್ತೇ ತೆಗೆ. ನಾಳೆ ಬೆಳಿಗ್ಗೆ ಪ್ರಕಟಿಸು, ಎಂಟನೇ ತಾರೀಖಿನವರೆಗೆ ಕಾಯಬೇಡ.

ಇನ್ನೊಂದು. ಇದು ಮುಗಿದ ಮೇಲೆ ನನ್ನ ಹೆಸರನ್ನೂ ಆ ಪುಟದಿಂದ ತೆಗೆದುಬಿಡು. ಯಾರಾದರೂ ಒಳ್ಳೆಯ ಕಣ್ಣಿನವರನ್ನು ಹುಡುಕಿಕೋ. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ.

ಶ್ರೀವಲ್ಲಿ


ಸಿರುಗುಪ್ಪ
12 ಜುಲೈ 2025

ಮೇಡಂ ಅವರಿಗೆ ಮಾರೇಶನ ನಮಸ್ಕಾರಗಳು.

ಮೂರನೇ ತಾರೀಖು ಬೆಳಿಗ್ಗೆ ನೀವು ಹೇಳಿದ ಹಾಗೇ ಪ್ರಕಟಿಸಿದೆ. ಮಧ್ಯಾಹ್ನದೊಳಗೆ ನಮ್ಮನ್ನು ಕಪಾಟಿನಿಂದ ಇಳಿಸಿದರು. ಬೈಗುಳ ಬಂದವು, ಭಾಷೆ ತಿಳಿಯದವೂ ಬಂದವು. ಹನ್ನೆರಡು ಸಾವಿರದಲ್ಲಿ ಈಗ ಉಳಿದಿರುವುದು ನಾಲ್ಕು ಸಾವಿರ ಚಿಲ್ಲರೆ. ನಿನ್ನೆ ಪ್ಲಗಿನ್ ಅಂಗಡಿಯವರು ಪರೀಕ್ಷೆ ಮುಗಿಸಿ ಮತ್ತೆ ಕಪಾಟಿಗೆ ಏರಿಸಿದ್ದಾರೆ, ಕೆಳಗಿನ ಸಾಲಿನಲ್ಲಿ.

ಕುರುಗೋಡಿಗೂ ಹೋಗಿದ್ದೆ. ಇನ್ನು ಮೇಲೆ ನಾನು ತೆರೆದುಕೊಡಲಾರೆ ಎಂದು ವಿರೂಪಮ್ಮನಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಗಿತ್ತು. ಅವಳು ನಕ್ಕು, "ನನ್ನ ಕೀಲಿ ನಾನು ಇಟ್ಕೊಂತೀನಿ ಬಿಡಪ್ಪ, ಹೆಂಗಂತ ತೋರಸು" ಅಂದಳು. ಹತ್ತು ತುರ್ತು ಸಂಖ್ಯೆಗಳನ್ನು ಅವಳ ಸೈಟಿಗಷ್ಟೇ ಹೊಂದಿಸಿ ಕಾಗದದಲ್ಲಿ ಬರೆಸಿದೆ, ಒಂದೊಂದೂ ಒಂದು ಸಲಕ್ಕೆ ಮಾತ್ರ ನಡೆಯುತ್ತದೆ. ರೊಟ್ಟಿ ಡಬ್ಬಿಯ ತಳದಲ್ಲಿ ಇಟ್ಟುಕೊಂಡಿದ್ದಾಳೆ. ಇಷ್ಟು ಸುಲಭದ್ದು ಜನವರಿಯಲ್ಲಿ ನನಗೆ ಹೊಳೆಯಲಿಲ್ಲ. ಈಗ ಎಲ್ಲರಿಗೂ ಇದನ್ನೇ ಕೊಡುವ ಹೊಸ ಬಿಡುಗಡೆ ಬರೆದು ಇಟ್ಟಿದ್ದೇನೆ. ನಾನೂರ ಹನ್ನೆರಡು ಸಾಲು.

ಆದರೆ ಬಿಡುಗಡೆ ಮಾಡಿಲ್ಲ. ನಿಮ್ಮ ಹೆಸರನ್ನೂ ತೆಗೆದಿಲ್ಲ. ಒಳ್ಳೆಯ ಕಣ್ಣಿನವರು ಬೇಕಾದಷ್ಟು ಸಿಗುತ್ತಾರೆ ಮೇಡಂ. ಕರೆಂಟಿಲ್ಲದ ಲ್ಯಾಬಿನಲ್ಲಿ ನಾನು ಓದುತ್ತಿದ್ದಾಗ ನೀವು ನೋಟ್‌ಬುಕ್ಕನ್ನು ನೋಡುತ್ತಿದ್ದಿರಾ? ಕಿಟಕಿಯ ಹೊರಗೆ ನೋಡುತ್ತ ನಿಂತಿರುತ್ತಿದ್ದಿರಿ. ಆದರೂ ನಾನು ಒಂದು ಚುಕ್ಕಿ ಬಿಟ್ಟರೆ ಹಿಡಿಯುತ್ತಿದ್ದಿರಿ. ಯಂತ್ರ ಚಿಹ್ನೆಗಳನ್ನು ನುಂಗಬಹುದು, ನಾನು ನುಂಗುವುದಿಲ್ಲ. ನಿಮ್ಮ ಅಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ ಎಂದು ನೀವೇ ಬರೆದಿದ್ದೀರಿ. ಅವರನ್ನು ಯಾರಾದರೂ ಪಾರಾಯಣದಿಂದ ಎಬ್ಬಿಸಿ ಕಳಿಸಿದ್ದರೇ?

ಫೋನ್ ಬೇಡವೆಂಬ ನಿಯಮವನ್ನು ಮುರಿಯಲು ಅಪ್ಪಣೆ ಕೊಡಿ. ದಿನಕ್ಕೆ ಐವತ್ತು ಸಾಲು ಓದುತ್ತೇನೆ. ಮರ್ಯಾದೆಗಾಗಿ ಕೇಳುತ್ತಿಲ್ಲ. ಒಬ್ಬನೇ ಬಿಡುಗಡೆ ಮಾಡಲು ನನಗೆ ನಿಜವಾಗಿಯೂ ಹೆದರಿಕೆ.

ಮಾರೇಶ


ಬಳ್ಳಾರಿ
14 ಜುಲೈ 2025

ಮಾರೇಶನಿಗೆ ಶ್ರೀವಲ್ಲಿ ಮೇಡಂ ಆಶೀರ್ವಾದ.

ನಿನ್ನ ಪತ್ರ ಓದಿದ ಮೇಲೆ ಮನೆಯವರು ಎದ್ದು, ಹೊರಗಿನ ಕೋಣೆಯಲ್ಲಿದ್ದ ಒಳ್ಳೆಯ ಕುರ್ಚಿಯನ್ನು ಫೋನಿನ ಪಕ್ಕಕ್ಕೆ ತಂದಿಟ್ಟರು. ನಾನು ಅತ್ತೆ. ಹೇಳಿಕೊಳ್ಳಲು ನಾಚಿಕೆಯಿಲ್ಲ.

"ನಮ್ಮ ಬಗ್ಗೆ" ಪುಟದಲ್ಲಿ ಖಾಲಿಯಾದ ಜಾಗಕ್ಕೆ ಇದನ್ನು ಹಾಕು: "ಒಬ್ಬರು ಓದುತ್ತಾರೆ, ಒಬ್ಬರು ಕೇಳುತ್ತಾರೆ. ಯಾರ ಕೀಲಿಕೈಯೂ ನಮ್ಮ ಬಳಿ ಇಲ್ಲ." ಎರಡನೆಯ ವಾಕ್ಯ ಜಡೆಮ್ಮಜ್ಜಿಯದು, ಅವರಿಗೆ ಹೇಳು.

ಐವತ್ತು ಸಾಲು ಹೆಚ್ಚಾಯಿತು, ಮೂವತ್ತು ಸಾಕು. ಹದಿನಾಲ್ಕು ದಿನ ಹಿಡಿಯುತ್ತದೆ, ಹಿಡಿಯಲಿ. ಅಂಗಡಿಯಲ್ಲಿ ಜನರ ನಡುವೆ ಓದಬೇಡ, ಶಟರ್ ಎಳೆದು ಓದು. ಆವರಣ, ಚುಕ್ಕಿ, ಖಾಲಿ ಜಾಗ, ಎಲ್ಲವನ್ನೂ ಹೆಸರು ಹಿಡಿದು ಹೇಳಬೇಕು. ನಾನು ನಿದ್ದೆ ಮಾಡಿದ್ದೇನೋ ಎಂದು ಅನುಮಾನ ಬಂದರೆ ಬೇಕೆಂದೇ ಒಂದು ತಪ್ಪು ಓದು. "ಹಿಂದಕ್ಕ ಹೋಗು" ಅನ್ನದಿದ್ದರೆ ನನ್ನನ್ನು ತಂಡದಿಂದ ತೆಗೆದುಹಾಕು.

ನಾಳೆ ಸಂಜೆ ಐದಕ್ಕೆ ಫೋನ್ ಮಾಡು. ಮೊದಲ ಸಾಲಿನಿಂದ ಶುರು ಮಾಡು. ನಾನು "ಕೇಳಿದೆ" ಅನ್ನುವವರೆಗೆ ಮುಂದಿನ ಸಾಲಿಗೆ ಹೋಗಬೇಡ.

ಶ್ರೀವಲ್ಲಿ